ಉಪ್ಪು–ಸಕ್ಕರೆ ನೀರಿನ ಹಿಂದಿರುವ ಸಂಶೋಧನೆ

ಔಷಧಿ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣವನ್ನು ನೀವು ನೋಡಿಯೇ ಇರುತ್ತೀರಿ. ಬೆಲೆ ಕೆಲವೇ ರೂಪಾಯಿ. ಸರ್ಕಾರಿ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿಯೂ ಸಿಗುತ್ತದೆ. ಮನೆಯಲ್ಲಿ ಮಗುವಿಗೆ ವಾಂತಿಭೇದಿ ಶುರುವಾದಾಗ ವೈದ್ಯರು ಇದನ್ನು ಬರೆದುಕೊಟ್ಟರೆ, 'ಇಷ್ಟೇನಾ? ಒಂದು ಇಂಜೆಕ್ಷನ್ ಆದರೂ ಕೊಡಬಾರದಿತ್ತೆ?' ಎಂದು ಗೊಣಗುವ ತಂದೆತಾಯಿಗಳೇ ಹೆಚ್ಚು. ಪೊಟ್ಟಣ ಒಡೆದು ನೋಡಿದರೆ ಒಳಗಿರುವುದು ಬಿಳಿ ಪುಡಿ: ಗ್ಲೂಕೋಸ್, ಅಡುಗೆ ಉಪ್ಪು, ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸೋಡಿಯಂ ಸಿಟ್ರೇಟ್. ಅಷ್ಟೆ.

ಆದರೆ ಲಂಡನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' 1978ರಲ್ಲಿ, ಈ ಪುಡಿಯ ಹಿಂದಿರುವ ಶೋಧವು ಆ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಆಗಿರಬಹುದು ಎಂದು ಸಂಪಾದಕೀಯದಲ್ಲಿ ಬರೆಯಿತು. ಪೆನಿಸಿಲಿನ್ ಬಂದ ಶತಮಾನದ ಬಗ್ಗೆ ಹೇಳಿದ ಮಾತಿದು! ಉಪ್ಪು ಸಕ್ಕರೆ ಬೆರೆಸಿದ ನೀರಿಗೆ ಇಷ್ಟೊಂದು ಗೌರವವೇಕೆ? ಇದನ್ನು ಕಂಡುಹಿಡಿದವರು ಯಾರು? ಅದಕ್ಕೆ ಹಣ ಕೊಟ್ಟವರು ಯಾರು? ಈ ವಾರ ಇದನ್ನು ತಿಳಿಯೋಣ. ಈ ಕಥೆಯ ಒಂದು ತುದಿ ನಿಮ್ಮ ಮಗುವಿನ ಲೋಟದಲ್ಲಿದೆ, ಇನ್ನೊಂದು ತುದಿ ಪ್ರಾಯಶಃ ನಿಮ್ಮ ಮನೆಯ ಹಿರಿಯರ ಮಾತ್ರೆಯ ಡಬ್ಬಿಯಲ್ಲಿದೆ.

ಕುಡಿಸಿದ ನೀರು ಒಳಗೆ ಹೋಗದಾಗ

ಭೇದಿಯಿಂದ ಮಗು ಸಾಯುವುದು ರೋಗಾಣುವಿಗಿಂತ ಹೆಚ್ಚಾಗಿ ನೀರು ಮತ್ತು ಲವಣಗಳ ನಷ್ಟದಿಂದ. ತೀವ್ರವಾದ ಕಾಲರಾ ಬಂದ ವಯಸ್ಕರು ಗಂಟೆಗೆ ಒಂದು ಲೀಟರಿನಷ್ಟು ನೀರನ್ನು ಕಳೆದುಕೊಳ್ಳಬಹುದು. ಕಣ್ಣು ಗುಳಿಬೀಳುತ್ತದೆ, ಚರ್ಮ ಸುಕ್ಕಾಗುತ್ತದೆ, ಮೂತ್ರ ನಿಲ್ಲುತ್ತದೆ, ನಾಡಿ ಕ್ಷೀಣಿಸುತ್ತದೆ. ಬೆಳಿಗ್ಗೆ ಹೊಲಕ್ಕೆ ಹೋದವನು ಸಂಜೆಗೆ ಇಲ್ಲವಾಗುತ್ತಿದ್ದ ಕಾಲವೊಂದಿತ್ತು.

ಹಾಗಾದರೆ ನೀರು ಕುಡಿಸಿದರಾಯಿತಲ್ಲ? ಇಲ್ಲಿಯೇ ತೊಡಕು. ಕಾಲರಾ ರೋಗಿಗೆ ಬರೀ ನೀರನ್ನಾಗಲಿ, ಬರೀ ಉಪ್ಪುನೀರನ್ನಾಗಲಿ ಕುಡಿಸಿದರೆ ಅದು ದೇಹಕ್ಕೆ ಸೇರದೆ ಭೇದಿಯಾಗಿಯೇ ಹೊರಬರುತ್ತಿತ್ತು. ಆದ್ದರಿಂದ ಕರುಳಿಗೆ 'ವಿಶ್ರಾಂತಿ' ಕೊಡಬೇಕು, ಬಾಯಿಗೆ ಏನೂ ಹಾಕಬಾರದು ಎಂದು ವೈದ್ಯರೇ ಹೇಳುತ್ತಿದ್ದರು. ಉಳಿದ ದಾರಿಯೆಂದರೆ ರಕ್ತನಾಳಕ್ಕೆ ಸೂಜಿ ಚುಚ್ಚಿ ಸಲೈನ್ ಹರಿಸುವುದು. ನಮ್ಮ ಜನ ಇಂದಿಗೂ 'ಗ್ಲೂಕೋಸ್ ಹಾಕಿಸುವುದು' ಎನ್ನುವುದು ಇದನ್ನೇ. ಇದಕ್ಕೆ ಶುದ್ಧೀಕರಿಸಿದ ದ್ರವ ಬೇಕು, ಸೂಜಿ ನಳಿಕೆ ಬೇಕು, ತರಬೇತಾದ ಕೈ ಬೇಕು. ಸಾವಿರ ಜನರಿಗೆ ಒಟ್ಟಿಗೆ ರೋಗ ಬಂದ ಹಳ್ಳಿಯಲ್ಲಿ ಇದೆಲ್ಲ ಎಲ್ಲಿಂದ ಬರಬೇಕು?

ಕರುಳಿನ ಒಳಪದರವೇ ಸುಲಿದುಹೋಗುವುದರಿಂದ ಕಾಲರಾದಲ್ಲಿ ನೀರು ಸೋರುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. ಅಂಥ ಕರುಳಿಗೆ ನೀರು ಹಾಕಿ ಏನು ಪ್ರಯೋಜನ ಎಂಬುದು ಸಹಜವಾದ ತರ್ಕ. ಅದು ತಪ್ಪೆಂದು ತಿಳಿಯಲು ಹಲವರು, ಹಲವು ದೇಶಗಳಲ್ಲಿ, ಒಬ್ಬರನ್ನೊಬ್ಬರು ಅರಿಯದೆಯೇ ದುಡಿಯಬೇಕಾಯಿತು.

ಕಲ್ಕತ್ತದ ಮೊಲಗಳು

ಮೊದಲನೆಯವರು ಕಲ್ಕತ್ತದ ಶಂಭುನಾಥ ಡೇ. ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರದ ಅಧ್ಯಾಪಕರು. ದೊಡ್ಡ ಉಪಕರಣಗಳೇನೂ ಇರಲಿಲ್ಲ. ಮೊಲದ ಸಣ್ಣಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಒಳಕ್ಕೆ ಕಾಲರಾ ರೋಗಾಣುವನ್ನು ಚುಚ್ಚಿದರು. ಕಟ್ಟಿದ ಭಾಗದಲ್ಲಿ ನೀರು ತುಂಬಿ ಉಬ್ಬಿಕೊಂಡಿತು. 1959ರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ರೋಗಾಣು ಬೆಳೆದ ದ್ರವವನ್ನು ಸೋಸಿ, ರೋಗಾಣುಗಳನ್ನೆಲ್ಲ ತೆಗೆದುಹಾಕಿ, ಉಳಿದ ತಿಳಿಯನ್ನು ಮಾತ್ರ ಚುಚ್ಚಿದರು. ಆಗಲೂ ಕರುಳು ನೀರಿನಿಂದ ತುಂಬಿತು! ಅಂದರೆ ರೋಗಾಣು ಒಂದು ವಿಷವನ್ನು ಸ್ರವಿಸುತ್ತದೆ, ಆ ವಿಷವೇ ಕರುಳಿನಿಂದ ನೀರನ್ನು ಹೊರದಬ್ಬಿಸುತ್ತದೆ.

ಹೆಚ್ಚು ಕಡಿಮೆ ಅದೇ ವೇಳೆಗೆ ಬ್ಯಾಂಕಾಕಿನಲ್ಲಿ ಕಾಲರಾ ಹಬ್ಬಿದಾಗ, ಅಮೆರಿಕದ ಸೈನ್ಯದ ವಾಲ್ಟರ್ ರೀಡ್ ಸಂಸ್ಥೆಯ ಯೂಜೀನ್ ಗಾಂಗರೋಸಾ ಮತ್ತು ಜೊತೆಗಾರರು ರೋಗಿಗಳ ಕರುಳಿನಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಒಳಪದರ ಸುಲಿದಿರಲಿಲ್ಲ, ಇದ್ದಂತೆಯೇ ಇತ್ತು. ಎರಡನ್ನೂ ಕೂಡಿಸಿದರೆ ಹೊಸ ಆಸೆಗೆ ಎಡೆಯಾಗುತ್ತದೆ: ಮನೆ ಸುಟ್ಟುಹೋಗಿಲ್ಲ, ನಲ್ಲಿ ಮಾತ್ರ ತೆರೆದುಕೊಂಡಿದೆ.

ಡೇ ಅವರಿಗೆ ಬದುಕಿದ್ದಾಗ ದೇಶದಲ್ಲಿ ತಕ್ಕ ಮನ್ನಣೆ ಸಿಗಲಿಲ್ಲ. ಅವರು 1985ರಲ್ಲಿ ತೀರಿಕೊಂಡರು. 1990ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆ ಅವರ ಕೆಲಸಕ್ಕೇ ಒಂದು ವಿಶೇಷ ಸಂಚಿಕೆಯನ್ನು ಮೀಸಲಿಟ್ಟಿತು.

ಜೋಡಿಗೆ ಮಾತ್ರ ತೆರೆಯುವ ಬಾಗಿಲು

ಇತ್ತ ಕಾಲರಾದ ಗೊಡವೆಯೇ ಇಲ್ಲದ ಕೆಲವರು ಬೇರೊಂದು ಪ್ರಶ್ನೆಯ ಬೆನ್ನು ಹತ್ತಿದ್ದರು. ನಾವು ತಿಂದ ಸಕ್ಕರೆ ಕರುಳಿನಿಂದ ರಕ್ತಕ್ಕೆ ಹೇಗೆ ದಾಟುತ್ತದೆ? ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್, ಇಲಿಯ ಬಳಗಕ್ಕೆ ಸೇರಿದ ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿಯ ಕರುಳಿನಲ್ಲಿ ಇದನ್ನು ಪರೀಕ್ಷಿಸುತ್ತಿದ್ದರು. 1960ರ ಆಗಸ್ಟ್‌ನಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಅವರು ತಮ್ಮ ವಿವರಣೆಯನ್ನು ಮುಂದಿಟ್ಟರು. ಕರುಳಿನ ಜೀವಕೋಶದ ಗೋಡೆಯಲ್ಲಿ ಒಂದು ವಿಶೇಷ ಬಾಗಿಲಿದೆ. ಗ್ಲೂಕೋಸ್ ಮತ್ತು ಸೋಡಿಯಂ ಒಟ್ಟಿಗೆ ಬಂದರೆ ಮಾತ್ರ ಅದು ಎರಡನ್ನೂ ಒಳಕ್ಕೆ ಬಿಡುತ್ತದೆ. ಸೋಡಿಯಂ ಎಂದರೆ ನಮ್ಮ ಅಡುಗೆ ಉಪ್ಪಿನ ಒಂದು ಭಾಗ. ಇವೆರಡೂ ಒಳಹೋದರೆ ನೀರೂ ಅವುಗಳನ್ನು ಹಿಂಬಾಲಿಸುತ್ತದೆ.

ಮುಂದೆ 1964ರಲ್ಲಿ ಸ್ಟ್ಯಾನ್ಲಿ ಶುಲ್ಟ್ಸ್ ಮತ್ತು ರಾಲ್ಫ್ ಜಲುಸ್ಕಿ ಮೊಲದ ಕರುಳಿನಲ್ಲಿ ಇದನ್ನು ವಿದ್ಯುತ್ ಅಳತೆಗಳಿಂದ ಖಚಿತಪಡಿಸಿದರು. ಅವರು ಕೆಲಸ ಮಾಡುತ್ತಿದ್ದುದು ಅಮೆರಿಕದ ವಾಯುಪಡೆಯ ವೈದ್ಯಕೀಯ ಸಂಸ್ಥೆಯಲ್ಲಿ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ವಾಯುಪಡೆಗೂ ಮೊಲದ ಕರುಳಿಗೂ ಏನು ಸಂಬಂಧ ಎಂದು ಆಗ ಯಾರಾದರೂ ಲೆಕ್ಕ ಕೇಳಿದ್ದರೆ, ಅಲ್ಲಿದ್ದವರು 'ಇದರಿಂದ ಮಕ್ಕಳ ಭೇದಿಗೆ ಮದ್ದು ಸಿಗುತ್ತದೆ' ಎಂದು ಹೇಳುವಂತಿರಲಿಲ್ಲ. ಅವರಿಗೇ ಅದು ಗೊತ್ತಿರಲಿಲ್ಲ.

ಇಲ್ಲಿ ಪ್ರಕೃತಿಯ ಒಂದು ದೊಡ್ಡ ಕೃಪೆಯಿದೆ. ಕಾಲರಾದ ವಿಷ ಉಪ್ಪನ್ನು ಹೀರುವ ಸಾಮಾನ್ಯ ದಾರಿಯನ್ನು ಮುಚ್ಚಿ, ನೀರನ್ನು ಹೊರಚೆಲ್ಲುವ ದಾರಿಯನ್ನು ತೆರೆಯುತ್ತದೆ. ಆದರೆ ಈ ಜೋಡಿ ಬಾಗಿಲನ್ನು ಅದು ಮುಟ್ಟುವುದಿಲ್ಲ. ಬರೀ ಉಪ್ಪುನೀರು ಸೋತಲ್ಲಿ ಸಕ್ಕರೆ ಸೇರಿದ ಉಪ್ಪುನೀರು ಗೆಲ್ಲುವುದು ಇದರಿಂದಲೇ.

ಢಾಕಾದಿಂದ ಬನಗಾಂವ್‌ಗೆ

ತಿಳಿವಳಿಕೆ ಇದ್ದರೂ ಅದು ಚಿಕಿತ್ಸೆಯಾಗುವುದು ಸುಲಭವಾಗಿರಲಿಲ್ಲ. ಅಮೆರಿಕದ ನೌಕಾಪಡೆಯ ವೈದ್ಯ ರಾಬರ್ಟ್ ಫಿಲಿಪ್ಸ್ 1962ರಲ್ಲಿ ಮನಿಲಾದಲ್ಲಿ ಗ್ಲೂಕೋಸ್ ಬೆರೆಸಿದ ದ್ರಾವಣವನ್ನು ಕುಡಿಸಿ ನೋಡಿದರು. ದ್ರಾವಣದ ಪ್ರಮಾಣ ಸರಿಯಿರಲಿಲ್ಲ, ಕೆಲವು ರೋಗಿಗಳು ಸತ್ತರು. ಆ ಪೆಟ್ಟಿನಿಂದಾಗಿ ಹಲವು ವರ್ಷ ಈ ದಾರಿಯಲ್ಲಿ ಹೆಜ್ಜೆಗಳು ಅಳುಕಿ ಅಳುಕಿ ಬಿದ್ದವು. ಪ್ರಮಾಣ ಎಷ್ಟು ಮುಖ್ಯವೆಂಬುದನ್ನು ಇದರಿಂದಲೇ ತಿಳಿಯಬಹುದು.

ಢಾಕಾದಲ್ಲಿ 1960ರಲ್ಲಿ ಕಾಲರಾ ಸಂಶೋಧನಾ ಪ್ರಯೋಗಾಲಯ ಆರಂಭವಾಗಿತ್ತು. ಅದರ ಮುಖ್ಯ ಆರ್ಥಿಕ ಬಲ ಅಮೆರಿಕ ಸರ್ಕಾರದ್ದು. ಅಲ್ಲಿನ ತರುಣ ವೈದ್ಯರಾದ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ 1968ರಲ್ಲಿ ಎಚ್ಚರಿಕೆಯಿಂದ ಪ್ರಯೋಗ ನಡೆಸಿದರು. ರೋಗಿ ಕಳೆದುಕೊಂಡಷ್ಟೇ ದ್ರವವನ್ನು ಅಳೆದು, ಸರಿಯಾದ ಪ್ರಮಾಣದ ದ್ರಾವಣವನ್ನು ಬಾಯಿಂದ ಕೊಟ್ಟರು. ರಕ್ತನಾಳದ ಮೂಲಕ ಕೊಡಬೇಕಾದ ದ್ರವ ಸುಮಾರು ಶೇ 80ರಷ್ಟು ಕಡಿಮೆಯಾಯಿತು. ಕಲ್ಕತ್ತದಲ್ಲಿಯೂ ಅಮೆರಿಕ ಸರ್ಕಾರದ ನೆರವಿನ ಜಾನ್ಸ್ ಹಾಪ್ಕಿನ್ಸ್ ಕೇಂದ್ರದಲ್ಲಿ ಇಂಥದೇ ಪ್ರಯೋಗಗಳು ನಡೆದವು.

ನಿಜವಾದ ಪರೀಕ್ಷೆ ಬಂದದ್ದು 1971ರಲ್ಲಿ. ಬಾಂಗ್ಲಾದೇಶದ ವಿಮೋಚನಾ ಯುದ್ಧದ ವೇಳೆ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿ ದಾಟಿ ಬಂದರು. ಬನಗಾಂವ್‌ನ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು. ಕಲ್ಕತ್ತದ ಕೇಂದ್ರದಿಂದ ಬಂದಿದ್ದ ಡಾ. ದಿಲೀಪ್ ಮಹಲನಾಬಿಸ್ ಮುಂದೆ ಎರಡೇ ದಾರಿ ಇದ್ದವು: ಕೈಚೆಲ್ಲುವುದು, ಇಲ್ಲವೇ ದ್ರಾವಣವನ್ನು ಬಂಧುಗಳ ಕೈಗೇ ಕೊಟ್ಟು ಕುಡಿಸುವಂತೆ ಹೇಳುವುದು. ಅವರು ಎರಡನೆಯದನ್ನು ಆರಿಸಿಕೊಂಡರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡ. ಡ್ರಮ್ಮುಗಳಲ್ಲಿ ಬೆರೆಸಿಟ್ಟರು. ತಾಯಂದಿರು, ಅಣ್ಣತಮ್ಮಂದಿರು ಲೋಟದಲ್ಲಿ ಹಿಡಿದು ರೋಗಿಗಳಿಗೆ ಕುಡಿಸಿದರು. ಶೇ 30ರವರೆಗೂ ಇದ್ದ ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು.

ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಇದನ್ನು ಜಗತ್ತಿಗೆಲ್ಲ ಹಂಚಿದವು. ಬಾಂಗ್ಲಾದೇಶದಲ್ಲಿ 'ಬ್ರಾಕ್' ಸಂಸ್ಥೆಯ ಮಹಿಳಾ ಕಾರ್ಯಕರ್ತೆಯರು 1980ರಿಂದ 1990ರವರೆಗೆ ಮನೆಮನೆಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು ಮತ್ತು ಒಂದು ಹಿಡಿ ಬೆಲ್ಲದಿಂದ ದ್ರಾವಣ ಮಾಡುವುದನ್ನು ಒಂದು ಕೋಟಿಗೂ ಹೆಚ್ಚು ಮನೆಗಳಲ್ಲಿ ಕಲಿಸಿದರು. 1980ರ ಸುಮಾರಿಗೆ ಜಗತ್ತಿನಲ್ಲಿ ಐದು ವರ್ಷದೊಳಗಿನ 45 ಲಕ್ಷಕ್ಕೂ ಹೆಚ್ಚು ಮಕ್ಕಳು ವರ್ಷಕ್ಕೆ ಭೇದಿಯಿಂದ ಸಾಯುತ್ತಿದ್ದರೆಂಬ ಅಂದಾಜಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಇತ್ತೀಚಿನ ಲೆಕ್ಕದಲ್ಲಿ ಅದು ಸುಮಾರು 4.4 ಲಕ್ಷ. ಶುದ್ಧ ನೀರು, ಶೌಚಾಲಯ, ಲಸಿಕೆ, ಪೋಷಣೆ ಇವೆಲ್ಲಕ್ಕೂ ಈ ಇಳಿಕೆಯಲ್ಲಿ ಪಾಲಿದೆ. ಓಆರ್‌ಎಸ್‌ನ ಪಾಲು ಅದರಲ್ಲಿ ಬಹಳ ದೊಡ್ಡದು. ಮಹಲನಾಬಿಸ್ 2022ರಲ್ಲಿ ನಿಧನರಾದರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಅದೇ ಬಾಗಿಲು, ಮಧುಮೇಹದ ಮಾತ್ರೆ

ಕಥೆ ಇಲ್ಲಿಗೆ ಮುಗಿಯಲಿಲ್ಲ. ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ದಾಟುವ ಬಾಗಿಲು ಕರುಳಿನಲ್ಲಿ ಮಾತ್ರವಲ್ಲ, ಮೂತ್ರಪಿಂಡದಲ್ಲಿಯೂ ಇದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಗ್ರಾಂ ಗ್ಲೂಕೋಸನ್ನು ರಕ್ತದಿಂದ ಸೋಸುತ್ತವೆ. ಅದು ವ್ಯರ್ಥವಾಗದಂತೆ ಈ ಬಾಗಿಲುಗಳು ಅದನ್ನು ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಆರೋಗ್ಯವಂತರ ಮೂತ್ರದಲ್ಲಿ ಸಕ್ಕರೆ ಕಾಣದಿರುವುದು ಇದರಿಂದ.

ಸೇಬಿನ ಮರದ ತೊಗಟೆಯಲ್ಲಿ ಫ್ಲೋರಿಜಿನ್ ಎಂಬ ಕಹಿ ಪದಾರ್ಥವಿದೆ ಎಂದು 1835ರಲ್ಲೇ ಗೊತ್ತಾಗಿತ್ತು. ಅದನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ ಎಂಬುದನ್ನೂ 1880ರ ದಶಕದಲ್ಲಿ ಕಂಡಿದ್ದರು. ಅದು ತಡೆಯುವುದು ಈ ಜೋಡಿ ಬಾಗಿಲನ್ನೇ ಎಂದು ತಿಳಿದದ್ದು ಕ್ರೇನ್ ಅವರಂಥವರ ಕೆಲಸದಿಂದ. 1987ರಲ್ಲಿ ಅಮೆರಿಕದ ಅರ್ನೆಸ್ಟ್ ರೈಟ್ ಅವರ ತಂಡ ಕರುಳಿನ ಬಾಗಿಲಿನ ಜೀನನ್ನು ಬೇರ್ಪಡಿಸಿತು. ಆಮೇಲೆ ಮೂತ್ರಪಿಂಡದ ಬಾಗಿಲನ್ನು ಮಾತ್ರ ತಡೆಯುವ ಮಾತ್ರೆಗಳನ್ನು ಔಷಧಿ ಕಂಪನಿಗಳು ತಯಾರಿಸಿದವು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೆಸರುಗಳನ್ನು ನಿಮ್ಮ ಮನೆಯ ಮಧುಮೇಹಿಗಳ ಚೀಟಿಯಲ್ಲಿ ನೀವು ನೋಡಿರಬಹುದು. ಹೆಚ್ಚಿನ ಸಕ್ಕರೆಯ ಒಂದಷ್ಟನ್ನು ಇವು ಮೂತ್ರದಲ್ಲಿ ಕಳಿಸಿಬಿಡುತ್ತವೆ. ಹೃದಯ ಮತ್ತು ಮೂತ್ರಪಿಂಡದ ವೈಫಲ್ಯವನ್ನು ತಡೆಯುವಲ್ಲಿಯೂ ಇವು ಉಪಯುಕ್ತವೆಂದು ಈಗ ಸಿದ್ಧವಾಗಿದೆ. ಭಾರತದಲ್ಲಿ ಡಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದು 2025ರಲ್ಲಿ ಮುಗಿದ ಮೇಲೆ ಬೆಲೆಯೂ ಇಳಿದಿದೆ.

ಒಂದೇ ಬಾಗಿಲಿನ ಜ್ಞಾನದಿಂದ ಎರಡು ಚಿಕಿತ್ಸೆ. ಒಂದರಲ್ಲಿ ಬಾಗಿಲನ್ನು ಬಳಸಿಕೊಳ್ಳುತ್ತೇವೆ, ಇನ್ನೊಂದರಲ್ಲಿ ಮುಚ್ಚುತ್ತೇವೆ.

ಬೆಂಗಳೂರಿನ ಒಂದು ವೈರಸ್

ಮಕ್ಕಳ ಭೇದಿಗೆ ಮುಖ್ಯ ಕಾರಣವಾದ ರೋಟಾ ವೈರಸನ್ನು 1973ರಲ್ಲಿ ಆಸ್ಟ್ರೇಲಿಯದ ರೂತ್ ಬಿಷಪ್ ಮತ್ತು ಸಂಗಡಿಗರು ಗುರುತಿಸಿದರು. ನಮ್ಮ ದೇಶದಲ್ಲಿ 1980ರ ದಶಕದಲ್ಲಿ ಒಂದು ಕುತೂಹಲದ ಸಂಗತಿ ಕಂಡುಬಂತು. ಕೆಲವು ನವಜಾತ ಶಿಶುಗಳಲ್ಲಿ ರೋಟಾ ವೈರಸ್ ಇದ್ದರೂ ಅವಕ್ಕೆ ಭೇದಿಯೇ ಇರಲಿಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಕೆ. ಭಾನ್ ಮತ್ತು ಸಂಗಡಿಗರು 116ಇ ಎಂಬ ತಳಿಯನ್ನು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ಬೆಂಗಳೂರಿನ ಶಿಶುಗಳಿಂದ ಐ321 ಎಂಬ ತಳಿಯನ್ನು ಬೇರ್ಪಡಿಸಿದರು. ಎರಡನ್ನೂ ಲಸಿಕೆಯಾಗಿ ಪರೀಕ್ಷಿಸಲಾಯಿತು. ಬೆಂಗಳೂರಿನ ತಳಿ ಸಾಕಷ್ಟು ರೋಗನಿರೋಧಕ ಶಕ್ತಿಯನ್ನು ಹುಟ್ಟಿಸಲಿಲ್ಲ, ದೆಹಲಿಯ ತಳಿ ಗೆದ್ದಿತು. ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವು, ಹೊರದೇಶದ ಸಂಸ್ಥೆಗಳ ಸಹಕಾರ, ಖಾಸಗಿ ಕಂಪನಿಯ ತಯಾರಿಕೆ ಎಲ್ಲವೂ ಕೂಡಿ ಅದು 'ರೋಟಾವ್ಯಾಕ್' ಲಸಿಕೆಯಾಯಿತು. 2016ರಲ್ಲಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ರೋಟಾ ಲಸಿಕೆ ಆರಂಭವಾಗಿ 2019ರ ವೇಳೆಗೆ ದೇಶಕ್ಕೆಲ್ಲ ಹರಡಿತು.

ಹಾಗಾದರೆ ಬೆಂಗಳೂರಿನಲ್ಲಿ ಖರ್ಚಾದ ಹಣ ದಂಡವೇ? ಅಲ್ಲ. ಬಿತ್ತಿದ ಬೀಜವೆಲ್ಲ ಫಲ ಕೊಡುವುದಿಲ್ಲ ಎಂದು ರೈತ ಬಿತ್ತನೆ ಬಿಡುತ್ತಾನೆಯೇ? ಯಾವ ಬೀಜ ಮೊಳೆಯುತ್ತದೆಂದು ಮೊದಲೇ ತಿಳಿಯುವಂತಿದ್ದರೆ ಅದಕ್ಕೆ ಸಂಶೋಧನೆ ಎಂಬ ಹೆಸರೇ ಬೇಕಿರಲಿಲ್ಲ.

ಸರ್ಕಾರವೇ ಏಕೆ ಹಣ ಕೊಡಬೇಕು?

ಇದು ನೀವು ಕೇಳಲೇಬೇಕಾದ ಪ್ರಶ್ನೆ. ಹಣ ನಿಮ್ಮ ತೆರಿಗೆಯದು. ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಕಾಲ. ಹ್ಯಾಮ್‌ಸ್ಟರ್‌ನ ಕರುಳಿನಿಂದ ಮಧುಮೇಹದ ಮಾತ್ರೆಗೆ ಐವತ್ತು ವರ್ಷ ಹಿಡಿಯಿತು. ಅಷ್ಟು ಕಾಲ ಲಾಭಕ್ಕಾಗಿ ಕಾಯುವ ವ್ಯಾಪಾರಿ ಇಲ್ಲ. ಎರಡನೆಯದು ಲಾಭ. ಉಪ್ಪು ಸಕ್ಕರೆಯ ಪುಡಿಯಿಂದ ಯಾರೂ ಶ್ರೀಮಂತರಾಗಲಾರರು. ಭೇದಿಯಿಂದ ಸಾಯುವ ಮಕ್ಕಳ ತಂದೆತಾಯಿಗಳ ಜೇಬಿನಲ್ಲಿ ದುಬಾರಿ ಔಷಧಿಗೆ ಹಣವೂ ಇಲ್ಲ. ಮೂರನೆಯದು ಹಂಚಿಕೆ. ಡೇ ಅವರ ಮೊಲ, ಕ್ರೇನ್ ಅವರ ಹ್ಯಾಮ್‌ಸ್ಟರ್, ಬ್ಯಾಂಕಾಕಿನ ರೋಗಿಗಳ ಕರುಳಿನ ಚೂರು, ಎಲ್ಲದರ ಫಲಿತಾಂಶವೂ ಬಹಿರಂಗವಾಗಿ ಪ್ರಕಟವಾದದ್ದರಿಂದಲೇ ಢಾಕಾದವರು ಅವನ್ನು ಜೋಡಿಸಲು ಸಾಧ್ಯವಾಯಿತು.

ಕಂಪನಿಗಳ ಪಾಲನ್ನು ಅಲ್ಲಗಳೆಯಬೇಕಿಲ್ಲ. ಸಾವಿರಾರು ರೋಗಿಗಳ ಮೇಲೆ ಪರೀಕ್ಷೆ ನಡೆಸಿ, ಮಾತ್ರೆಯಾಗಿ ಮಾಡಿ ಅಂಗಡಿಗೆ ತಲುಪಿಸಿದವರು ಅವರೇ. ಆದರೆ ಅವರು ಬೆಳೆ ತೆಗೆದ ಹೊಲವನ್ನು ಹದ ಮಾಡಿದ್ದರಲ್ಲಿ ಸಾರ್ವಜನಿಕರ ಹಣದ ಪಾಲು ದೊಡ್ಡದು. ಭಾರತ ಸಂಶೋಧನೆ ಮತ್ತು ಅಭಿವೃದ್ಧಿಗೆ ಖರ್ಚು ಮಾಡುವುದು ರಾಷ್ಟ್ರೀಯ ಉತ್ಪನ್ನದ ಶೇ 0.64ರಷ್ಟು ಮಾತ್ರ ಎಂದು 2020–21ರ ಲೆಕ್ಕ ಹೇಳುತ್ತದೆ. ಇನ್ನು ಮುಂದೆ ಯಾರಾದರೂ 'ಇಲಿ, ಮೊಲ ಹಿಡಿದುಕೊಂಡು ಕೂತವರಿಗೆ ಸರ್ಕಾರದ ಹಣವೇಕೆ?' ಎಂದು ಕೇಳಿದರೆ, ಅವರ ಮನೆಯ ಮಗುವಿಗೆ ಕೊಟ್ಟ ಓಆರ್‌ಎಸ್ ಲೋಟವನ್ನು ನೆನಪಿಸಿ.

ನಿಮ್ಮ ಮನೆಯಲ್ಲಿ

ಇಷ್ಟೆಲ್ಲ ಶ್ರಮದಿಂದ ಬಂದ ಮದ್ದು ನಮ್ಮ ಮಕ್ಕಳಿಗೆ ತಲುಪುತ್ತಿದೆಯೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಶೇ 60.6ರಷ್ಟು ಮಕ್ಕಳಿಗೆ, ಜಿಂಕ್ ಸಿಕ್ಕಿದ್ದು ಶೇ 30.5ರಷ್ಟು ಮಕ್ಕಳಿಗೆ. ಉಳಿದ ಕೆಲಸ ವಿಜ್ಞಾನಿಗಳದಲ್ಲ, ನಮ್ಮದು. ಆದ್ದರಿಂದ ಇವನ್ನು ನೆನಪಿಡಿ:

* ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪೊಟ್ಟಣವನ್ನು ಹಾಕಿ. ಒಂದು ಲೀಟರಿನ ಪೊಟ್ಟಣವಿದೆ, 200 ಮಿಲಿಯದೂ ಇದೆ. ಒಂದು ಲೀಟರಿನ ಪುಡಿಯನ್ನು ಒಂದು ಲೋಟಕ್ಕೆ ಹಾಕಿದರೆ ಅಪಾಯ. ನೀರು ಕುದಿಸಿ ಆರಿಸಿದ್ದಾಗಿರಲಿ. ಬೆರೆಸಿದ ದ್ರಾವಣವನ್ನು 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ.

* ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಕೊಡಿ.

* ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತಲೆ ಸಮವಾಗಿರಲಿ, ಗುಡ್ಡೆಯಾಗಿರಬಾರದು. ಪೊಟ್ಟಣ ಸಿಕ್ಕುವವರೆಗೆ ಗಂಜಿ, ಉಪ್ಪು ಬೆರೆಸಿದ ಮಜ್ಜಿಗೆಯೂ ಆದೀತು.

* ಎದೆಹಾಲು ನಿಲ್ಲಿಸಬೇಡಿ. ಮಗುವನ್ನು ಉಪವಾಸ ಕೆಡವಬೇಡಿ. ಜಿಂಕ್ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ, ಭೇದಿ ನಿಂತರೂ ಬಿಡದೆ, ಕೊಡಿ.

* 'ಓಆರ್‌ಎಸ್' ಎಂಬ ಅಕ್ಷರಗಳನ್ನು ಹೆಸರಿನಲ್ಲಿ ಸೇರಿಸಿಕೊಂಡ ಸಿಹಿ ಪಾನೀಯಗಳಿಗೆ ಮೋಸಹೋಗಬೇಡಿ. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಪಾನೀಯಗಳ ಹೆಸರಿನಲ್ಲಿ ಈ ಪದ ಬಳಸುವುದನ್ನು ನಿಷೇಧಿಸಿತು. ಹೆಚ್ಚು ಸಕ್ಕರೆಯ ಪಾನೀಯ ಭೇದಿಯನ್ನು ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಎಂದು ಬರೆದ ಪೊಟ್ಟಣವನ್ನೇ ಕೇಳಿ ಪಡೆಯಿರಿ.

* ಮಗು ಮಂಕಾಗಿದ್ದರೆ, ಕುಡಿಯಲಾರದಾದರೆ, ಕಣ್ಣು ಗುಳಿಬಿದ್ದರೆ, ಆರು ಗಂಟೆ ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಥ ಸ್ಥಿತಿಯಲ್ಲಿ ರಕ್ತನಾಳದ ಮೂಲಕವೇ ದ್ರವ ಕೊಡಬೇಕಾಗಬಹುದು. ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತಿರಿ.

* ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಸೇವಿಸುವ ಹಿರಿಯರಿಗೆ ವಾಂತಿಭೇದಿಯಾದರೆ ಕೂಡಲೇ ವೈದ್ಯರಿಗೆ ತಿಳಿಸಿ. ದೇಹದಲ್ಲಿ ನೀರು ಕಡಿಮೆಯಾದಾಗ ಈ ಮಾತ್ರೆಗಳನ್ನು ಕೆಲವು ದಿನ ನಿಲ್ಲಿಸಬೇಕಾಗುತ್ತದೆ. ಮತ್ತೆ ಯಾವಾಗ ಆರಂಭಿಸಬೇಕೆಂಬುದನ್ನೂ ವೈದ್ಯರೇ ಹೇಳಬೇಕು.

ಇಂದೇ ಎರಡು ಓಆರ್‌ಎಸ್ ಪೊಟ್ಟಣಗಳನ್ನು ತಂದು ಅಡುಗೆಮನೆಯ ಕಪಾಟಿನಲ್ಲಿಡಿ. ರೋಗ ಬಂದಾಗ ಹುಡುಕುವುದಕ್ಕಿಂತ ಬರುವ ಮೊದಲೇ ಕೈಗೆಟಕುವಂತೆ ಇಡುವುದು ಲೇಸು.